ಹವಳ ಉಳಿಸಲು ಕಬ್ಬಿನ ಗದ್ದೆಗೆ ಕಾನೂನು ಬೇಕೇ? ಪರ-ವಿರೋಧ

ಗ್ರೇಟ್ ಬ್ಯಾರಿಯರ್ ರೀಫ್ ಅಂದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತೀರದುದ್ದಕ್ಕೂ ಸುಮಾರು 2300 ಕಿ.ಮೀ. ಹಬ್ಬಿರುವ ಹವಳದ ಸಾಲು. ಎದುರಿನ ದಡದಲ್ಲಿ ಕಬ್ಬು, ಬಾಳೆ, ದನ ಮೇಯುವ ಬಯಲು. ಹೊಲದ ಗೊಬ್ಬರ ಸಮುದ್ರ ಸೇರಬಾರದೆಂದು ಅಲ್ಲಿನ ಸರ್ಕಾರ 2019ರ ಡಿಸೆಂಬರ್‌ನಲ್ಲಿ ಕಾನೂನು ಜಾರಿ ಮಾಡಿತು. ಕಬ್ಬಿಗೆ ಹಾಕಿದ ಗೊಬ್ಬರಕ್ಕೆ ಲೆಕ್ಕ ಇಡಬೇಕು, ಮಿತಿ ಮೀರುವಂತಿಲ್ಲ. ಇದು ಸರಿಯೇ?

ಪರ

ಟಲ್ಲಿ ಎಂಬ ಕಬ್ಬಿನ ಊರಿನಲ್ಲಿ 7.9 ಮೀಟರ್ ಎತ್ತರದ ಗಮ್‌ಬೂಟ್ (ಮಳೆಗಾಲದ ರಬ್ಬರ್ ಬೂಟು) ಪ್ರತಿಮೆ ನಿಲ್ಲಿಸಿದ್ದಾರೆ. 1950ರಲ್ಲಿ ಅಲ್ಲಿ ಸುರಿದ ಮಳೆಯ ಅಳತೆ ಅದು! ಇಂಥ ಕಡೆ ಯೂರಿಯಾ ಹಾಕಿದರೆ ಏನಾಗುತ್ತದೆ ಅಂತ ಮಂಡ್ಯದ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಕಟಾವು ಜೂನ್‌ನಿಂದ ನವೆಂಬರ್ ತನಕ. ಆಮೇಲೆ ಕೂಳೆಗೆ, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ, ಗೊಬ್ಬರ. ಡಿಸೆಂಬರ್ ಬಂತೆಂದರೆ ಮಳೆಗಾಲ. ತಡವಾಗಿ ಕಟಾವಾದ ಗದ್ದೆಯಲ್ಲಿ ಬೇರು ಹೀರುವ ಮೊದಲೇ ಯೂರಿಯಾದ ಸಾರಜನಕ ಕರಗಿ, ಬಸಿಗಾಲುವೆ ಹಿಡಿದು, ಹಳ್ಳದ ಮೂಲಕ ಸಮುದ್ರ ಸೇರುತ್ತದೆ.

ಅಲ್ಲಿ ಅದನ್ನುಂಡು ಸೂಕ್ಷ್ಮ ಪಾಚಿ ಕೊಬ್ಬುತ್ತದೆ. ಆ ಪಾಚಿಯೇ 'ಮುಳ್ಳಿನ ಕಿರೀಟ' ಎಂಬ ನಕ್ಷತ್ರಮೀನಿನ ಮರಿಗಳಿಗೆ ಮೇವು. ದೊಡ್ಡದಾದ ಮೇಲೆ ಅದು ಹವಳದ ಮೇಲೆ ಕವುಚಿ ಕೂರುತ್ತದೆ. ಹೊಟ್ಟೆಯನ್ನೇ ಬಾಯಿಂದ ಹೊರಗೆ ಚಾಚಿ, ಹವಳದ ಜೀವವನ್ನು ಕರಗಿಸಿ ಹೀರುತ್ತದೆ. ಉಳಿಯುವುದು ಬರೀ ಬಿಳಿ ಸುಣ್ಣದ ಗೂಡು.

ಮೊದಲು ಮನವೊಲಿಸಬೇಕಿತ್ತು ಅನ್ನುವವರಿದ್ದಾರೆ. ಅದೂ ಆಯಿತಲ್ಲ! 2003ರಿಂದಲೇ ಅದಕ್ಕೊಂದು ಯೋಜನೆ ಇತ್ತು. ತುಂಬಾ ರೈತರು ಬದಲಾದರು ಕೂಡ. ಆದರೆ ಪಕ್ಕದವನು 'ಸ್ವಲ್ಪ ಜಾಸ್ತಿನೇ ಇರಲಿ' ಅಂತ ಸುರಿದರೆ ಇವರು ಪಟ್ಟ ಕಷ್ಟ ನೀರುಪಾಲು. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕಿ ಅನ್ನುವುದು ಅಂಥ ದೊಡ್ಡ ಶಿಕ್ಷೆಯಾ? ಕೊಚ್ಚಿ ಹೋಗುವುದು ರೈತನ ದುಡ್ಡೂ ಹೌದಲ್ವಾ.

ವಿರೋಧ

ಹವಳ ಬೆಳ್ಳಗಾಗುತ್ತಿರುವುದು ಸಮುದ್ರದ ನೀರು ಬಿಸಿಯಾಗುತ್ತಿರುವುದರಿಂದ. 1998ರಲ್ಲಿ ಆಯಿತು, 2002ರಲ್ಲಿ ಆಯಿತು, 2016ರಿಂದ ಈಚೆಗೆ ಮತ್ತೆ ಮತ್ತೆ ಆಗುತ್ತಿದೆ. 2016ರಲ್ಲಿ ಅತಿ ಹೆಚ್ಚು ಪೆಟ್ಟು ಬಿದ್ದದ್ದು ಉತ್ತರದ ತುದಿಗೆ. ಕಬ್ಬಿನ ಗದ್ದೆಗಳು ಅಲ್ಲಿಂದ ಎಷ್ಟೋ ದೂರ. ಮಕಾಯ್ ಎಂಬ ಊರಿನ ಸುತ್ತಮುತ್ತಲಿನ ಕಬ್ಬು ಬೆಳೆಗಾರ ಕಿಲೋ ಕಿಲೋ ಲೆಕ್ಕ ಬರೆಯಬೇಕು. ಉರಿಸಿದರೆ ಭೂಮಿಯ ಬಿಸಿ ಏರಿಸುವ ಕಲ್ಲಿದ್ದಲಿನ ಹಡಗುಗಳು ಮಾತ್ರ ಪಕ್ಕದ ಹೇ ಪಾಯಿಂಟ್ ಬಂದರಿನಿಂದ ಸರಾಗವಾಗಿ ಹೊರಡುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಆ 'ಸ್ವಲ್ಪ ಜಾಸ್ತಿ'ಯನ್ನು ರೈತ ಸುಮ್ನೆ ಹಾಕುವುದಿಲ್ಲ. ಈ ವರ್ಷ ಮಳೆ ಹೇಗೋ ಗೊತ್ತಿಲ್ಲ, ಇಳುವರಿ ಬಿದ್ದರೆ ಸಾಲ ತೀರುವುದಿಲ್ಲ. ಸಕ್ಕರೆಯಲ್ಲಿ ಬಹುಪಾಲು ರಫ್ತಾಗುತ್ತದೆ, ಬೆಲೆ ವಿಶ್ವ ಮಾರುಕಟ್ಟೆಯದು. ನಷ್ಟವಾಯಿತು ಅಂತ ಬೆಳೆಗಾರ ರೇಟು ಏರಿಸುವ ಹಾಗಿಲ್ಲ.

ಇನ್ನು ಹವಳಕ್ಕೆ ಬೆಳಕು ಬೀಳದಂತೆ ಮಾಡುವ ಹೂಳು. ಅದರಲ್ಲಿ ಹೆಚ್ಚಿನದು ಬರ್ಡೆಕಿನ್‌ನಂಥ ನದಿಗಳ ಮೇಲ್ಭಾಗದಲ್ಲಿ ದನ ಮೇಯುವ ಬಯಲಿನ ಕೊರಕಲುಗಳಿಂದ ಬರುತ್ತದೆ. ಫಾರಂ ತುಂಬಿಸಿದರೆ ಕೊರಕಲು ಮುಚ್ಚುತ್ತದೆಯೇ? ಯಂತ್ರ ತಂದು ಇಳಿಜಾರು ಸರಿ ಮಾಡಬೇಕು, ಹುಲ್ಲು ಬೆಳೆಸಬೇಕು, ಬೇಲಿ ಹಾಕಬೇಕು. ಅದಕ್ಕೆ ದುಡ್ಡು ಕೊಡಲಿ. ಕಬ್ಬಿಗೂ ಅಷ್ಟೇ. ಗೊಬ್ಬರ ಕಡಿಮೆ ಮಾಡಿದ್ದರಿಂದ ಇಳುವರಿ ಬಿದ್ದರೆ ನಷ್ಟ ತುಂಬಿಕೊಡುತ್ತೇವೆ ಅಂತ ಸರ್ಕಾರ ಬರೆದುಕೊಟ್ಟರೆ, ಇನ್‌ಸ್ಪೆಕ್ಟರ್ ಗದ್ದೆಗೆ ಬರುವ ಮೊದಲೇ ಹೆಚ್ಚಿನವರು ಆ 'ಸ್ವಲ್ಪ ಜಾಸ್ತಿ'ಯನ್ನು ಬಿಡುತ್ತಾರೆ.