ಬಿಡಿ ಅಕ್ಕಿ, ಬೇಳೆ ಮಾರಾಟ ನಿಂತಿಲ್ಲ: ಒಂದು ಸ್ಪಷ್ಟನೆ

ಮುಂಬೈಯ ಚೆಂಬೂರಿನ ಮಾರುಕಟ್ಟೆ ಬೀದಿಯ ಕನ್ನಡಿಗರ ಮೊಬೈಲುಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ: "ದೊಡ್ಡ ಸೂಪರ್‌ಮಾರ್ಕೆಟ್ ಬಂತು, ಇನ್ನು ಕಿರಾಣಿ ಅಂಗಡಿಯವರು ಬಿಡಿ ಅಕ್ಕಿ, ಬೇಳೆ ಮಾರುವಂತಿಲ್ಲ. ಮಾರಿದರೂ ಶೇ. 5 ಜಿಎಸ್‌ಟಿ ಹಾಕಬೇಕು. ಎಂಆರ್‌ಪಿಗಿಂತ ಕಡಿಮೆಗೆ ಕೊಡಲೂ ಬಾರದು." ಮೂರೂ ತಪ್ಪು.

2022ರ ಜುಲೈ 18ರಿಂದ ತೆರಿಗೆ ಬಂದದ್ದು 25 ಕಿಲೋವರೆಗಿನ, ಮೊದಲೇ ಕಟ್ಟಿ ಲೇಬಲ್ ಹಚ್ಚಿದ ಧಾನ್ಯದ ಪೊಟ್ಟಣಗಳಿಗೆ. ಗಿರಾಕಿಯ ಎದುರು ಚೀಲ ಬಿಚ್ಚಿ 2 ಕಿಲೋ ತೊಗರಿಬೇಳೆ ತೂಗಿ ಕೊಟ್ಟರೆ ತೆರಿಗೆ ಇಲ್ಲ. 25 ಕಿಲೋ ಚೀಲ ತರುವಾಗ ತೆತ್ತ ತೆರಿಗೆಯನ್ನು ಮಾತ್ರ ಅಂಗಡಿಯವರು ಹಿಂಪಡೆಯಲಾಗದು. ಅದು ಬೆಲೆಯಲ್ಲೇ ಸೇರುತ್ತದೆ.

ಎಡವಟ್ಟಾಗುವುದು ಬೇರೆ ಕಡೆ. ಸಂಜೆ ಗದ್ದಲಕ್ಕೆಂದು ಬೆಳಿಗ್ಗೆಯೇ 1 ಕಿಲೋ ಪ್ಲಾಸ್ಟಿಕ್ ಚೀಲಗಳನ್ನು ಕಟ್ಟಿಡುವ ರೂಢಿ ಅನೇಕರಿಗಿದೆ. ಗಿರಾಕಿ ಇಲ್ಲದಾಗ ನಿಗದಿತ ತೂಕದಲ್ಲಿ ಕಟ್ಟಿದ್ದು, ಮುದ್ರೆ ಹಾಕಿರಲಿ ಬಿಡಲಿ, ಕಾನೂನಿನ ಕಣ್ಣಲ್ಲಿ ಪೊಟ್ಟಣವೇ. ಅದರ ಮೇಲೆ ಕಟ್ಟಿದವರ ಹೆಸರು, ವಿಳಾಸ, ನಿವ್ವಳ ತೂಕ, ಕಟ್ಟಿದ ತಿಂಗಳು, ವರ್ಷ, ಎಂಆರ್‌ಪಿ, ದೂರಿಗೆ ಸಂಪರ್ಕ ಇರಬೇಕು. ದಯವಿಟ್ಟು ಆ ರೂಢಿ ಬಿಡಿ, ಎದುರಿಗೇ ತೂಗಿ. ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ ಸರ್ಕಾರಿ ತಪಾಸಣೆಯ ಮುದ್ರೆ ಹಾಕಿಸಿ.

ಅಡುಗೆ ಎಣ್ಣೆಯ ನಿಯಮವೇ ಬೇರೆ: ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟ ಹೊರತು ಬಿಡಿಯಾಗಿ ಮಾರುವಂತಿಲ್ಲ.

ಎಂಆರ್‌ಪಿ ಗರಿಷ್ಠ ಬೆಲೆ. ಅದನ್ನು ಮೀರಬಾರದು ಅಷ್ಟೇ. ಇಳಿಸುವ ಹಕ್ಕು ಸೂಪರ್‌ಮಾರ್ಕೆಟ್‌ಗೆ ಇದ್ದಷ್ಟೇ ಮೂಲೆಯಂಗಡಿಗೂ ಇದೆ.