ಇಯರ್‌ಬಡ್ ಕೊಳ್ಳುವಾಗ ಮೈಕ್‌ನ ಕಡೆಗೂ ಗಮನವಿರಲಿ

ಕಚೇರಿಯ ಕರೆಗಳಿಗೂ ಸಂಗೀತಕ್ಕೂ ಒಂದೇ ಜೊತೆ ಇಯರ್‌ಬಡ್ ಸಾಕೆನ್ನುವ ಲೇಖನವೊಂದನ್ನು ಓದಿದೆ; ಅದು ಬ್ಯಾಟರಿಯ ಬಾಳಿಕೆಗೂ ಶಬ್ದ ತಡೆಯುವ ಸೌಲಭ್ಯಕ್ಕೂ ಒತ್ತು ಕೊಟ್ಟಿದೆ; ಮೈಕ್ ಚಾಲೂ ಆದ ಕ್ಷಣ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳಿಲ್ಲ. ಸಾಂಪ್ರದಾಯಿಕ ಬ್ಲೂಟೂತ್‌ನಲ್ಲಿ ಸಂಗೀತಕ್ಕೊಂದು, ಮಾತಿಗೊಂದು ಪ್ರತ್ಯೇಕ ವಿಧಾನವಿರುವುದರಿಂದ, ಲ್ಯಾಪ್‌ಟಾಪ್‌ನಲ್ಲಿ ಹಾಡು ಕೇಳುತ್ತಿದ್ದವರು ಸಭೆಗೆ ಸೇರಿದೊಡನೆ ಸ್ಟೀರಿಯೊ ಮಾಯವಾಗಿ, ಧ್ವನಿಯ ಸ್ಯಾಂಪಲಿಂಗ್ (ಸೆಕೆಂಡಿಗೆ ಎಷ್ಟು ಬಾರಿ ಧ್ವನಿಯನ್ನು ಅಳೆಯಲಾಗುತ್ತದೆ ಎಂಬ ಲೆಕ್ಕ) ಸಾಮಾನ್ಯವಾಗಿ 44.1 ಕಿಲೋಹರ್ಟ್ಸ್‌ನಿಂದ 16ಕ್ಕೆ, ಹಳೆಯ ಸಾಧನಗಳಲ್ಲಿ 8ಕ್ಕೆ ಇಳಿದು, ಎಲ್ಲವೂ ಹಳೆಯ ಟೆಲಿಫೋನಿನೊಳಗಿಂದ ಬಂದಂತೆ ಕೇಳಿಸುತ್ತದೆ. ಇದನ್ನು ಇಯರ್‌ಬಡ್‌ನ ದೋಷವೆಂದೇ ಭಾವಿಸಿ ನಾನೊಮ್ಮೆ ಹೊಸ ಜೊತೆಯನ್ನು ಹಿಂದಿರುಗಿಸಿದ್ದೂ ಉಂಟು. ಸಭೆಯ ಆ್ಯಪ್‌ನಲ್ಲಿ ಲ್ಯಾಪ್‌ಟಾಪಿನದೇ ಮೈಕ್ ಆರಿಸಿಕೊಂಡು, ಇಯರ್‌ಬಡ್ ಅನ್ನು ಕೇಳಲಷ್ಟೇ ಬಳಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಬ್ಲೂಟೂತ್‌ನ ಹೊಸ ಧ್ವನಿ ವಿಧಾನವಾದ ಎಲ್‌ಇ ಆಡಿಯೊದಲ್ಲಿ ಮಾತಿನ ಗುಣಮಟ್ಟ ಮೇಲು, ಆದರೆ ಅದು ಇಯರ್‌ಬಡ್, ಲ್ಯಾಪ್‌ಟಾಪ್ ಎರಡರಲ್ಲೂ ಇರಬೇಕು.

ಮತ್ತೊಂದು ಮಾತು: ಎಎನ್‌ಸಿ, ಅಂದರೆ ಶಬ್ದ ತಡೆಯುವ ಸೌಲಭ್ಯ, ತಗ್ಗಿಸುವುದು ನಮ್ಮ ಕಿವಿಗೆ ಬೀಳುವ ಸದ್ದನ್ನೇ ಹೊರತು ಅತ್ತ ಕಡೆಯವರಿಗೆ ಕೇಳಿಸುವ ಗದ್ದಲವನ್ನಲ್ಲ, ಆ ಗದ್ದಲವನ್ನು ತಗ್ಗಿಸುವುದು ಮೈಕ್‌ಗಳ ಮತ್ತು ಅವುಗಳ ಹಿಂದಿನ ಸಾಫ್ಟ್‌ವೇರ್‌ನ ಕೆಲಸ. ಆದ್ದರಿಂದ ಕೊಂಡ ದಿನವೇ ತಿರುಗುವ ಫ್ಯಾನಿನ ಪಕ್ಕ ಕುಳಿತು, ಒಂದು ನಿಮಿಷ ಮಾತನಾಡಿ, ರೆಕಾರ್ಡ್ ಮಾಡಿಕೊಂಡು ಕೇಳಿ ನೋಡುವುದು ಒಳ್ಳೆಯದು.