ಮೈತ್ರಿ ಸಂಘಗಳ ಹೆಸರು ಸರ್ಕಾರದ ಪಟ್ಟಿಯಲ್ಲಿ ಇರಬೇಕೇ?

ದೇಶ ದೇಶಗಳ ಜನರ ನಡುವೆ ಸ್ನೇಹ ಬೆಳೆಸುತ್ತೇವೆ ಎನ್ನುತ್ತಾ ಬೇರೆ ದೇಶದ ಸರ್ಕಾರದ ಬೆಂಬಲದಿಂದ ನಡೆಯುವ ಮೈತ್ರಿ ಸಂಘಗಳು, ಅವುಗಳ ಜೊತೆ ಕೆಲಸ ಮಾಡುವ ಇಲ್ಲಿನ ಸಂಘಗಳು 'ನಾವು ಇಂಥ ಸರ್ಕಾರದ ಪರವಾಗಿ ಕೆಲಸ ಮಾಡುತ್ತಿದ್ದೇವೆ' ಎಂದು ಬಹಿರಂಗವಾಗಿ ನೋಂದಾಯಿಸಿಕೊಳ್ಳಬೇಕೇ? ಇಬ್ಬರು ಬರಹಗಾರರು ಇಲ್ಲಿ ಎದುರುಬದುರಾಗಿದ್ದಾರೆ.

ಪರ: ಸ್ನೇಹ ಮಾಡಲಿ, ಯಾರ ಪರವಾಗಿ ಎಂದು ಹೇಳಿ ಮಾಡಲಿ

1930ರ ಸೆಪ್ಟೆಂಬರಿನಲ್ಲಿ ರವೀಂದ್ರನಾಥ ಠಾಗೋರರು ಮಾಸ್ಕೋಗೆ ಹೋದರು. ಅವರನ್ನು ಕರೆಸಿಕೊಂಡು ಸುತ್ತಾಡಿಸಿದ್ದು ವೋಕ್ಸ್ ಎಂಬ ಸೋವಿಯತ್ ಸಂಸ್ಥೆ. ಹೊರದೇಶಗಳ ಜೊತೆ ಸಾಂಸ್ಕೃತಿಕ ನಂಟು ಬೆಳೆಸಲು 1925ರಲ್ಲಿ ಶುರುವಾದ ಸಂಸ್ಥೆ ಅದು. ಹೆಸರಿಗೆ ಸಾರ್ವಜನಿಕರ ಸಂಘ. ಮೊದಲ ಮುಖ್ಯಸ್ಥೆ ಓಲ್ಗಾ ಕಾಮೆನೆವಾ, ರಷ್ಯಾ ಕ್ರಾಂತಿಯ ನಾಯಕ ಟ್ರಾಟ್‌ಸ್ಕಿಯ ತಂಗಿ, ಕಮ್ಯುನಿಸ್ಟ್ ಪಕ್ಷದ ದೊಡ್ಡ ನಾಯಕ ಕಾಮೆನೆವ್‌ನ ಹೆಂಡತಿ. ಇದರಲ್ಲಿ ಸಾರ್ವಜನಿಕರು ಎಲ್ಲಿದ್ದರು?

ಠಾಗೋರರು ಅಲ್ಲಿನ ಶಾಲೆಗಳನ್ನು ನೋಡಿ ನಿಜವಾಗಿಯೂ ಖುಷಿಪಟ್ಟರು, ಮನಸಾರೆ ಹೊಗಳಿದರು. ಆದರೆ ಹೊರಡುವ ಮುಂಚೆ ಅಲ್ಲಿನ ಸರ್ಕಾರಿ ಪತ್ರಿಕೆ ಇಜ್ವೆಸ್ತಿಯಾಕ್ಕೆ ಕೊಟ್ಟ ಸಂದರ್ಶನದಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದರು. ನಿಮ್ಮನ್ನು ಒಪ್ಪದವರ ಮೇಲೆ ಮಕ್ಕಳ ಮನಸ್ಸಿನಲ್ಲಿ ದ್ವೇಷ ತುಂಬುವುದು ಸರಿಯೇ ಅಂತ. ಆ ಸಂದರ್ಶನ ಅಲ್ಲಿ ಅಚ್ಚಾಗಿದ್ದು 1988ರಲ್ಲಿ. ಐವತ್ತೆಂಟು ವರ್ಷ ತಡವಾಗಿ! ಹೊಗಳಿಕೆ ಬೇಕಿತ್ತು, ಪ್ರಶ್ನೆ ಬೇಕಿರಲಿಲ್ಲ. ಮೈತ್ರಿ ಸಂಘಗಳ ಬಗ್ಗೆ ನನ್ನ ತಕರಾರೆಲ್ಲ ಇದರಲ್ಲೇ ಇದೆ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ವೋಕ್ಸ್‌ನ ಗೈಡುಗಳು ಅತಿಥಿಗಳ ಬಗ್ಗೆ ವರದಿ ಬರೆಯುತ್ತಿದ್ದರು. ಏನು ನೋಡಿದರು, ಏನು ಕೇಳಿದರು, ಯಾವುದಕ್ಕೆ ಮುಖ ಸಿಂಡರಿಸಿದರು. ಆ ಕಾಗದಗಳು ಮಾಸ್ಕೋದ ಕಡತಗಳಲ್ಲಿ ಈಗಲೂ ಇವೆ. ಗೂಢಚಾರಿಕೆ ಅಂದರೆ ರಾತ್ರಿ ಕಪಾಟು ಒಡೆದು ನಕ್ಷೆ ಕದಿಯುವುದು ಅಂತ ನಾವು ಅಂದುಕೊಂಡಿದ್ದೇವೆ. ಅದು ಕೊನೆಯ ಹಂತ. ಮೊದಲು ಬೇಕಾಗುವುದು ಜನರ ಪರಿಚಯ. ಯಾರು ಯಾವ ಕಚೇರಿಯಲ್ಲಿದ್ದಾರೆ, ಯಾರಿಗೆ ಹೊಗಳಿಕೆ ಇಷ್ಟ, ಯಾರಿಗೆ ದುಡ್ಡಿನ ಮುಗ್ಗಟ್ಟು, ಯಾರ ಮಗನಿಗೆ ವಿದೇಶದಲ್ಲಿ ಸೀಟು ಬೇಕು. ಇದನ್ನೆಲ್ಲ ತಿಳಿಯಲು ಕಳ್ಳತನ ಬೇಕಿಲ್ಲ. ಹಾರ ಹಾಕಿ, ಊಟ ಹಾಕಿ, ಪಕ್ಕದಲ್ಲಿ ಕೂತು ಮಾತಾಡಿದರೆ ಸಾಕು.

1970ರಲ್ಲಿ ಯೂರಿ ಬೆಜ್ಮೆನೊವ್ ಎಂಬ ಸೋವಿಯತ್ ನೌಕರ ದೆಹಲಿಯಿಂದ ತಪ್ಪಿಸಿಕೊಂಡು ಪಶ್ಚಿಮಕ್ಕೆ ಹೋದ. ಹಿಪ್ಪಿ ವೇಷ ಹಾಕಿಕೊಂಡು ಹೋದ. ನೊವೊಸ್ತಿ ಸುದ್ದಿಸಂಸ್ಥೆಯಲ್ಲಿ ಕೆಲಸದಲ್ಲಿದ್ದವನು. ವಿದೇಶಿ ಅತಿಥಿಗಳನ್ನು ನೋಡಿಕೊಳ್ಳುವುದೂ ತನ್ನ ಕೆಲಸವಾಗಿತ್ತು, ಅದರ ಹಿಂದೆ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಇತ್ತು ಎಂದು ಆಮೇಲೆ ಅವನೇ ಹೇಳಿದ. ದೇಶ ಬಿಟ್ಟು ಓಡಿದವನ ಮಾತನ್ನು ಪೂರ್ತಿ ನಂಬಬೇಡಿ ಅನ್ನುತ್ತಾರೆ. ಸರಿ, ಅರ್ಧ ನಂಬೋಣ. ಅರ್ಧ ನಂಬಿದರೂ ವೋಕ್ಸ್‌ನ ಆ ಹಳೇ ವರದಿಗಳ ಜೊತೆ ಅದು ತಾಳೆಯಾಗುತ್ತದೆ.

ಪೂರ್ವ ಜರ್ಮನಿಯದು ಇನ್ನೂ ನೇರ. ಆ ದೇಶಕ್ಕೆ ಹೊರಗಿನ ಮನ್ನಣೆ ಇಲ್ಲದ ದಿನಗಳಲ್ಲಿ, ರಾಯಭಾರ ಕಚೇರಿ ತೆರೆಯಲು ಆಗದ ಕಡೆ, ಮೈತ್ರಿ ಸಂಘಗಳೇ ಅದರ ಕೆಲಸ ಮಾಡಿದವು. 1961ರಲ್ಲಿ ಅವನ್ನೆಲ್ಲ ಒಂದೇ ಸೂರಿನಡಿ ತಂದರು. ನಮ್ಮ ದೇಶದಲ್ಲೂ ಅಂಥ ಸಂಘಗಳು ಮನ್ನಣೆಗಾಗಿ ಒತ್ತಾಯಿಸಿದವು. 1972ರಲ್ಲಿ ಭಾರತ ಮನ್ನಣೆ ಕೊಟ್ಟಿತು. ಆ ತೀರ್ಮಾನ ಸರಿಯೋ ತಪ್ಪೋ, ಬೇರೆ ಮಾತು. ಆದರೆ ಸಭೆಗೆ ಬಂದು ಕೂತ ಮೇಷ್ಟ್ರು, ವಕೀಲರಿಗೆ ತಾವು ಒಂದು ಸರ್ಕಾರದ ವಿದೇಶಾಂಗ ಖಾತೆಯ ಕೆಲಸ ಮಾಡುತ್ತಿದ್ದೇವೆ ಅಂತ ಯಾರಾದರೂ ಹೇಳಿದ್ದರೇ?

ಇದೆಲ್ಲ ಹಳೇ ಕತೆ ಅನ್ನುವವರು ಇವತ್ತಿನ ಚೀನಾ ಕಡೆ ನೋಡಲಿ. ವಿದೇಶಗಳ ಜೊತೆ ಮೈತ್ರಿಗಾಗಿ ಚೀನೀ ಜನತೆಯ ಸಂಘ ಎಂಬುದೊಂದಿದೆ. 1954ರಲ್ಲಿ ಹುಟ್ಟಿದ್ದು. ಹೆಸರಿನಲ್ಲೇ 'ಜನತೆ' ಇದೆ. ಇದರ ಅಧ್ಯಕ್ಷರಾಗಿ ಹಲವು ವರ್ಷ ಇದ್ದದ್ದು ಲಿ ಶಿಯಾವೊಲಿನ್, ಚೀನಾದ ಮಾಜಿ ಅಧ್ಯಕ್ಷ ಲಿ ಶಿಯಾನ್ನಿಯನ್ ಅವರ ಮಗಳು. 2020ರಲ್ಲಿ ಬಂದವರು ದಕ್ಷಿಣ ಆಫ್ರಿಕಾದಲ್ಲಿ ರಾಯಭಾರಿಯಾಗಿದ್ದವರು. ಅವರ ನಂತರ ಬಂದವರು ಬ್ರೆಜಿಲ್‌ನಲ್ಲಿ ರಾಯಭಾರಿಯಾಗಿದ್ದವರು. ಸಾಮಾನ್ಯ ಜನರ ಸಂಘವಾಗಿದ್ದರೆ ಒಬ್ಬ ಮೇಷ್ಟ್ರೋ ಡಾಕ್ಟರೋ ಆ ಕುರ್ಚಿಯಲ್ಲಿ ಕೂರಬಹುದಿತ್ತು, ಅಲ್ವಾ?

ಚೀನಾದ ಊರುಗಳು ಹೊರದೇಶದ ಊರುಗಳ ಜೊತೆ ಮಾಡಿಕೊಳ್ಳುವ 'ಸೋದರ ನಗರ' ಒಪ್ಪಂದಗಳ ಉಸ್ತುವಾರಿಯೂ ಈ ಸಂಘದ್ದೇ. ಇವು ಹೇಗೆ ಕೆಲಸ ಮಾಡುತ್ತವೆ ಎನ್ನಲು ಚೆಕ್ ದೇಶದ ರಾಜಧಾನಿ ಪ್ರಾಗ್ ನಗರದ ಪ್ರಸಂಗ ಸಾಕು. 2016ರಲ್ಲಿ ಪ್ರಾಗ್ ಮತ್ತು ಬೀಜಿಂಗ್ ಸೋದರ ನಗರಗಳಾದವು. ಒಪ್ಪಂದದಲ್ಲಿ 'ಒಂದೇ ಚೀನಾ' ನೀತಿಯನ್ನು, ಅಂದರೆ ತೈವಾನ್ ಕೂಡ ಚೀನಾದ್ದೇ ಎಂಬ ನಿಲುವನ್ನು, ಪ್ರಾಗ್ ಗೌರವಿಸುತ್ತದೆ ಅಂತ ಒಂದು ಸಾಲು ಸೇರಿಸಿದ್ದರು. ಕಸ ಎತ್ತುವ, ಟ್ರಾಮ್ ಓಡಿಸುವ ನಗರಸಭೆಗೆ ತೈವಾನ್ ವಿಚಾರ ಯಾಕೆ? ಹೊಸದಾಗಿ ಬಂದ ಮೇಯರ್ ಜ್ದೆನೆಕ್ ಹ್ರಿಬ್ ಇದನ್ನೇ ಕೇಳಿದರು. ಆ ಸಾಲು ತೆಗೆಯಿರಿ, ಉಳಿದದ್ದೆಲ್ಲ ಹಾಗೇ ಇರಲಿ ಎಂದರು. ಬೀಜಿಂಗ್ ಒಪ್ಪಲಿಲ್ಲ. 2019ರಲ್ಲಿ ನಂಟೇ ಮುರಿಯಿತು. ಅದಕ್ಕೂ ಮುಂಚೆ ಪ್ರಾಗ್‌ನ ಒಂದು ವಾದ್ಯವೃಂದದ ಚೀನಾ ಪ್ರವಾಸವೇ ರದ್ದಾಗಿತ್ತು. ಪಿಟೀಲು ನುಡಿಸುವವರು ಮಾಡಿದ ತಪ್ಪಾದರೂ ಏನು? ಅದು ಸ್ನೇಹವಾಗಿದ್ದರೆ ಒಂದು ಸಾಲಿಗೆ ಮುರಿಯುತ್ತಿರಲಿಲ್ಲ. ಆ ಒಂದು ಸಾಲಿಗಾಗಿಯೇ ಸ್ನೇಹ ಮಾಡಿದ್ದರು ಅಂತ ನನಗೆ ಅನಿಸುತ್ತದೆ.

ಇದು ನಮಗೆ ದೂರದ ಮಾತಲ್ಲ. 2013ರ ಅಕ್ಟೋಬರಿನಲ್ಲಿ ಬೆಂಗಳೂರು ಮತ್ತು ಚೀನಾದ ಚೆಂಗ್ಡು ಕೂಡ ಸೋದರ ನಗರಗಳಾದವು. ನಮ್ಮೂರಿನಲ್ಲಿ ಎಚ್‌ಎಎಲ್ ಇದೆ, ಇಸ್ರೋ ಇದೆ, ಲೆಕ್ಕವಿಲ್ಲದಷ್ಟು ಸಾಫ್ಟ್‌ವೇರ್ ಕಂಪನಿಗಳಿವೆ. ಚೆಂಗ್ಡು ಜೊತೆ ಸಂಬಂಧ ಬೇಡ ಅನ್ನುತ್ತಿಲ್ಲ. ಯಾರು ಯಾರನ್ನು ಕರೆದರು, ಖರ್ಚು ಯಾರದ್ದು, ಏನು ಮಾತಾಯಿತು, ಇಷ್ಟನ್ನು ಊರಿನ ಜನ ಓದುವಂತೆ ಬರೆದಿಡಿ ಅನ್ನುತ್ತಿದ್ದೇನೆ.

ಅಮೆರಿಕದಲ್ಲಿ ಇಂಥ ನೋಂದಣಿ ಕಾನೂನು 1938ರಲ್ಲೇ ಬಂತು. 'ಹೊಸ ಜರ್ಮನಿಯ ಸ್ನೇಹಿತರು' ಎಂಬ ಹೆಸರಿನಲ್ಲಿ ಹಿಟ್ಲರನ ಜನ ಅಲ್ಲಿ ಸಂಘ ಕಟ್ಟಿದ್ದರು. ನಾಜಿ ಪ್ರಚಾರ ಕಣ್ಣೆದುರೇ ನಡೆದ ಮೇಲೆ ಕಾನೂನು ಮಾಡಿದರು. ಆಸ್ಟ್ರೇಲಿಯಾ 2018ರಲ್ಲಿ ಮಾಡಿತು. ಬ್ರಿಟನ್ನಿನ ಪಟ್ಟಿ 2025ರ ಜುಲೈನಲ್ಲಿ ಶುರುವಾಯಿತು. ನಮ್ಮಲ್ಲಿ ವಿದೇಶಿ ದೇಣಿಗೆ ಕಾನೂನು ಇದೆ, ಆದರೆ ಅದು ಮುಖ್ಯವಾಗಿ ನೋಡುವುದು ಹಣವನ್ನು. ವಿಮಾನದ ಟಿಕೆಟ್ಟು, ಸನ್ಮಾನ, ಮಗನ ಸೀಟು ಇದ್ಯಾವುದೂ ಸಂಘದ ಬ್ಯಾಂಕ್ ಖಾತೆಗೆ ಬರುವುದಿಲ್ಲ.

ಅಮೆರಿಕವೂ ಹೀಗೆ ಮಾಡಿದೆ ಅನ್ನುತ್ತೀರಾ? ಮಾಡಿದೆ. ಸಂಸ್ಕೃತಿ, ಸ್ವಾತಂತ್ರ್ಯ ಅಂತ ಬರಹಗಾರರನ್ನು ಸೇರಿಸಿ, ಸಿಐಎ ದುಡ್ಡಿನಲ್ಲಿ ನಡೆಸಿದ ಸಂಸ್ಥೆಯ ಶಾಖೆ ಮುಂಬಯಿಯಲ್ಲೂ ಇತ್ತು. 1966-67ರಲ್ಲಿ ಗುಟ್ಟು ರಟ್ಟಾದಾಗ ಅದರಲ್ಲಿದ್ದ ಎಷ್ಟೋ ಜನ ತಲೆ ತಗ್ಗಿಸಬೇಕಾಯಿತು. ಅವರಿಗೆ ಮೊದಲೇ ಗೊತ್ತಿದ್ದರೆ ಆ ಅವಮಾನ ತಪ್ಪುತ್ತಿತ್ತು. ಪಟ್ಟಿ ಬೇಕಿರುವುದು ಅವರಿಗಾಗಿಯೇ.

ನೋಂದಣಿಯಿಂದ ಅಮಾಯಕರಿಗೆ ತೊಂದರೆ ಎಂದು ಎದುರು ಪಕ್ಷದವರು ಬರೆಯುತ್ತಾರೆ, ನೋಡಿ. ಏನು ತೊಂದರೆ? ಒಂದು ಫಾರಂ ತುಂಬುವುದು. ಸಹಕಾರ ಸಂಘಕ್ಕೆ ತುಂಬುತ್ತೇವೆ, ಯುವಕ ಸಂಘಕ್ಕೆ ತುಂಬುತ್ತೇವೆ. ಇನ್ನೊಂದು ದೇಶದ ಸರ್ಕಾರದ ಪರ ಕೆಲಸ ಮಾಡುವವರು ತುಂಬಲಾರರೇ?

ವಿರೋಧ: ಪಟ್ಟಿ ಮಾಡುವವರ ಕೈ ಎಲ್ಲಿಗೆ ಹೋಗುತ್ತದೆ?

ಈ ಪಕ್ಷ ವಹಿಸಿ ಬರೆಯಲು ಸಂಪಾದಕರು ಕೇಳಿದರು. ಮೈತ್ರಿ ಸಂಘಗಳೆಲ್ಲ ಹಾಲಿನಷ್ಟು ಬಿಳುಪು ಅಂತ ನಾನು ನಂಬಿಲ್ಲ. ಆದರೂ ಬರೆಯಲು ಒಪ್ಪಿದೆ, ಯಾಕೆಂದರೆ ಪಟ್ಟಿಗಳ ಚರಿತ್ರೆ ಚೆನ್ನಾಗಿಲ್ಲ.

ಮೊದಲ ವಾದ ಇದು. ಎದುರು ಪಕ್ಷದವರು ಹೊಗಳಿದ ಆ 1938ರ ಅಮೆರಿಕನ್ ಕಾನೂನಿನಲ್ಲಿ ಕಟಕಟೆ ಹತ್ತಿದವರಲ್ಲಿ ಡಬ್ಲ್ಯು. ಇ. ಬಿ. ಡುಬಾಯ್ಸ್ ಒಬ್ಬರು. ಕರಿಯರ ಹಕ್ಕಿಗಾಗಿ ಬದುಕಿಡೀ ಹೋರಾಡಿದ ದೊಡ್ಡ ವಿದ್ವಾಂಸ. ಅಣುಬಾಂಬ್ ಬೇಡ ಎಂಬ ಮನವಿಗೆ ಸಹಿ ಸಂಗ್ರಹಿಸಿದ ಶಾಂತಿ ಕೇಂದ್ರವೊಂದರ ಮುಖ್ಯಸ್ಥರಾಗಿದ್ದರು. 1951ರಲ್ಲಿ, ಎಂಬತ್ತು ದಾಟಿದ ಅವರಿಗೆ ಕೈಕೋಳ ತೊಡಿಸಿದರು. ವಿದೇಶಿ ಏಜೆಂಟರಾಗಿ ನೋಂದಾಯಿಸಿಕೊಂಡಿಲ್ಲ ಎಂಬುದು ಆರೋಪ. ನ್ಯಾಯಾಲಯದಲ್ಲಿ ಸಾಕ್ಷಿ ಸಿಗದೆ ಕೇಸು ಬಿತ್ತು. ಆದರೆ ಪಾಸ್‌ಪೋರ್ಟ್ ಮಾತ್ರ ವರ್ಷಗಟ್ಟಲೆ ಕೊಡಲಿಲ್ಲ. ಅವರಿಗೂ ತುಂಬಬೇಕಿದ್ದದ್ದು ಬರೀ ಒಂದು ಫಾರಂ.

ಅಮೆರಿಕದ ಸೋವಿಯತ್ ಮೈತ್ರಿ ಮಂಡಳಿಯನ್ನೂ 1947ರಲ್ಲಿ ವಿಚಾರಣೆಯೇ ಇಲ್ಲದೆ ದೇಶದ್ರೋಹಿ ಪಟ್ಟಿಗೆ ಹಾಕಿದ್ದರು. ನಾಜಿ ಸಂಘಗಳ ವಿಚಾರಣೆಗೆ ಸಮಿತಿ ಬೇಕೆಂದು ಮುಂದೆ ನಿಂತ ಸಂಸದ ಸ್ಯಾಮ್ಯುಯೆಲ್ ಡಿಕ್‌ಸ್ಟೀನ್ ಅದೇ ಕಾಲದಲ್ಲಿ ಸೋವಿಯತ್ ಗುಪ್ತಚರರಿಂದ ಸಂಬಳ ಪಡೆಯುತ್ತಿದ್ದ ಎಂದು ಆಮೇಲೆ ಅವರದೇ ಕಡತಗಳಿಂದ ಗೊತ್ತಾಯಿತು. ಪಟ್ಟಿ ಮಾಡುವವನ ಮೇಲೆ ಯಾರ ಕಣ್ಣು?

ಎರಡನೆಯದು ರಷ್ಯಾ. 2012ರಲ್ಲಿ ಅಲ್ಲೂ 'ವಿದೇಶಿ ಏಜೆಂಟ್' ಕಾನೂನು ಬಂತು. ಸ್ಟಾಲಿನ್ ಕಾಲದಲ್ಲಿ ಸತ್ತವರ ಹೆಸರುಗಳನ್ನು ಹುಡುಕಿ ದಾಖಲಿಸುತ್ತಿದ್ದ ಮೆಮೋರಿಯಲ್ ಸಂಸ್ಥೆಗೆ ಆ ಹಣೆಪಟ್ಟಿ ಅಂಟಿಸಿದರು. 2021ರ ಡಿಸೆಂಬರಿನಲ್ಲಿ ಕೋರ್ಟು ಅದನ್ನು ಮುಚ್ಚಿಸಿತು. ಕಾನೂನು ಮಾಡುವಾಗ ಅಲ್ಲೂ ಹೇಳಿದ್ದು ಪಾರದರ್ಶಕತೆ ಎಂದೇ.

ಮೂರನೆಯದು, ಈ ಸಂಘಗಳಲ್ಲಿದ್ದವರು ಯಾರು? ಇಂಡೋ-ಸೋವಿಯತ್ ಸಾಂಸ್ಕೃತಿಕ ಸಂಘದ ಅಧ್ಯಕ್ಷರಾಗಿದ್ದವರು ನಮ್ಮ ಕರಾವಳಿ ಮೂಲದ ಡಾ. ಎ. ವಿ. ಬಾಳಿಗಾ. ಮುಂಬಯಿಯ ಹೆಸರಾಂತ ಸರ್ಜನ್. ಕುಮಟಾದ ಕಾಲೇಜಿಗೆ, ಉಡುಪಿಯ ಆಸ್ಪತ್ರೆಗೆ ಅವರ ಹೆಸರಿದೆ. ಅಂಥವರನ್ನು ಒಂದು ಸರ್ಕಾರದ ಏಜೆಂಟ್ ಎಂದು ರಿಜಿಸ್ಟರಿನಲ್ಲಿ ಬರೆಯುವುದೇ?

ಗೈಡು ವರದಿ ಬರೆದ ಅನ್ನುತ್ತಾರೆ. ಯಾವ ದೇಶದ ಸರ್ಕಾರಿ ನೌಕರ ವರದಿ ಬರೆಯುವುದಿಲ್ಲ? ಹಾಗೆ ನೋಡಿದರೆ ಟೀ ಕೊಡುವ ಪ್ರತಿಯೊಬ್ಬನನ್ನೂ ಗೂಢಚಾರ ಅನ್ನಬೇಕಾಗುತ್ತದೆ.

ಇನ್ನು ನಮ್ಮ ಮನೆಯ ಮಾತು. ಇದನ್ನು ಹೇಳದೆ ನನ್ನಿಂದ ಈ ಲೇಖನ ಆಗದು. ನಮ್ಮ ಅಪ್ಪ ದಾವಣಗೆರೆಯ ಮಿಲ್ಲೊಂದರಲ್ಲಿ ಗುಮಾಸ್ತರು. ಊರಿನ ಸೋವಿಯತ್ ಮೈತ್ರಿ ಸಂಘಕ್ಕೆ ಸಂಜೆ ಹೋಗುತ್ತಿದ್ದರು. ಅಲ್ಲಿ ಬಿಳಿ ಬಟ್ಟೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಮಾಸ್ಕೋದಲ್ಲೇ ಅಚ್ಚಾದ ಕನ್ನಡ ಪುಸ್ತಕಗಳು ನಾಲ್ಕಾಣೆ, ಎಂಟಾಣೆಗೆ ಸಿಗುತ್ತಿದ್ದವು. ಸೋವಿಯತ್ ಲ್ಯಾಂಡ್ ಪತ್ರಿಕೆಗೆ ಚಂದಾ ಕಟ್ಟಿದರೆ ಜೊತೆಗೆ ಕ್ಯಾಲೆಂಡರ್. ಅದರ ನುಣುಪು ಕಾಗದದಲ್ಲೇ ನಮ್ಮ ನೋಟ್‌ಬುಕ್ಕುಗಳಿಗೆಲ್ಲ ಬೈಂಡು. ಟ್ರ್ಯಾಕ್ಟರ್ ಓಡಿಸುವ ಹೆಂಗಸಿನ ಚಿತ್ರದ ಕೆಳಗೆ ನನ್ನ ಹೆಸರು, ತರಗತಿ.

ಸಂಘದ ಮೂಲಕ ಅಪ್ಪನಿಗೆ ತಾಷ್ಕೆಂಟಿನ ಒಬ್ಬ ಮೇಷ್ಟ್ರ ಪತ್ರಸ್ನೇಹ ಸಿಕ್ಕಿತು. ಹರಕು ಇಂಗ್ಲಿಷಿನಲ್ಲಿ ಇಬ್ಬರೂ ಬರೆದುಕೊಳ್ಳುತ್ತಿದ್ದರು. ಅಲ್ಲಿ ಹತ್ತಿ ಬೆಳೆಯುತ್ತಾರೆ, ಇಲ್ಲಿ ಹತ್ತಿ ಮಿಲ್ಲು. ಮಾತು ಅದೇ. ನನಗೆ ಕಾಮಾಲೆ ಆದಾಗ ಆ ಮೇಷ್ಟ್ರು ಒಣಗಿಸಿದ ಏಪ್ರಿಕಾಟ್ ಕಳಿಸಿದ್ದರು. ಪೊಟ್ಟಣ ತಲುಪುವಷ್ಟರಲ್ಲಿ ನನಗೆ ವಾಸಿಯಾಗಿತ್ತು. ಆದರೂ ಅಮ್ಮ ದಿನಕ್ಕೊಂದರಂತೆ ಕೊಟ್ಟಳು.

ಒಂದು ದಿನ ಮಫ್ತಿಯಲ್ಲಿ ಪೊಲೀಸಿನವರೊಬ್ಬರು ಮನೆಗೆ ಬಂದರು. ಗದರಲಿಲ್ಲ. ಕೂತು ಕಾಫಿ ಕುಡಿದು, ಸಂಘದ ಸದಸ್ಯರ ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಕಾಗದಗಳನ್ನು ಸ್ವಲ್ಪ ತೋರಿಸಿ ಎಂದರು. ಅಪ್ಪ ತೋರಿಸಿದರು. ಹತ್ತಿಯ ಮಾತು ಓದಿ ಅವರು ಎದ್ದುಹೋದರು. ಆದರೆ ಓಣಿಗೆಲ್ಲ ಗೊತ್ತಾಯಿತು. ಮಿಲ್ಲಿನಲ್ಲಿ ಮೇಲಿನವರು ಅಪ್ಪನ ಜೊತೆ ಮಾತು ಕಡಿಮೆ ಮಾಡಿದರು. ಅಕ್ಕನ ಮದುವೆಗೆ ಗೊತ್ತುಮಾಡಿದ್ದ ಸಂಬಂಧದವರು ಯಾಕೋ ಸುಮ್ಮನಾಗಿಬಿಟ್ಟರು. ಅಪ್ಪ ಆಮೇಲೆ ತಾಷ್ಕೆಂಟಿಗೆ ಬರೆಯಲಿಲ್ಲ. ಅಲ್ಲಿಂದ ಇನ್ನೂ ಕಾಗದ ಬರುತ್ತಿದ್ದವು. ಒಡೆಯದೆ ಟ್ರಂಕಿನಲ್ಲಿ ಇಡುತ್ತಿದ್ದರು. ಅಮ್ಮ ಒಂದೆರಡು ಸಲ ಜಗಳವನ್ನೂ ಆಡಿದಳು, ಪಾಪ ಆ ಮನುಷ್ಯ ಏನಂದುಕೊಳ್ಳುತ್ತಾನೋ ಅಂತ.

ಆ ಮೇಷ್ಟ್ರ ಹಿಂದೆ ಯಾರಾದರೂ ಇದ್ದರೇ? ಇದ್ದಿರಬಹುದು. ಇದ್ದಿದ್ದರೂ ಒಬ್ಬ ಗುಮಾಸ್ತನಿಂದ ಅವರಿಗೆ ಸಿಕ್ಕಿದ್ದೇನು? ಸದಸ್ಯರ ಪಟ್ಟಿ ಇದ್ದದ್ದರಿಂದ ನಮ್ಮ ಮನೆಗೆ ಆದದ್ದು ಮಾತ್ರ ನಾನು ಕಣ್ಣಾರೆ ಕಂಡದ್ದು.

ಬೀಜಿಂಗಿನ ಸಂಘದ ಅಧ್ಯಕ್ಷ ರಾಯಭಾರಿಯಾಗಿದ್ದವನು ಎಂಬ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಕಾನೂನು ಬಂದೇ ಬರುವುದಾದರೆ ಅಂಥ ಕೇಂದ್ರ ಕಚೇರಿಗಳನ್ನು ನೋಂದಾಯಿಸಿ. ನಗರಪಾಲಿಕೆಗಳು ಮಾಡುವ ಒಪ್ಪಂದದ ಪ್ರತಿ ಸಾಲನ್ನೂ ಪ್ರಕಟಿಸಿ. ರಷ್ಯಾ, ಚೀನಾ, ಅಮೆರಿಕ ಎನ್ನದೆ ಎಲ್ಲರಿಗೂ ಒಂದೇ ನಿಯಮ ಇರಲಿ. ಆದರೆ ತಾಲ್ಲೂಕಿನ ಸಂಘದ ಸದಸ್ಯರ ಹೆಸರನ್ನು ಯಾವ ಕಚೇರಿಯೂ ಕೇಳಬಾರದು.